ಸಿರೆಗೆ ನೀರೆರೆದ ವೈದ್ಯರು

ಕಲಬುರ್ಗಿಯ ಕೋಟೆಯ ಕಂದಕವು ಪರದಳವನ್ನು ತಡೆಯಬಹುದಾಗಿತ್ತಲ್ಲದೆ ವಾಂತಿಭೇದಿಯನ್ನು ತಡೆಯುವಂತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಆ ಬೇನೆಯು ದಖ್ಖಣವನ್ನು ಮೇಲಿಂದ ಮೇಲೆ ಹೊಕ್ಕಿತು. ಬೆಳಗ್ಗೆ ಗಟ್ಟಿಮುಟ್ಟಾಗಿದ್ದವನು ಸಂಜೆಗೆ ಕಣ್ಣು ಗುಳಿಬಿದ್ದು, ನಾಡಿ ಕೈಗೆ ಸಿಗದೆ ಮಡಿಯುವನು.

ಇದರಲ್ಲಿ ರಕ್ತವು ನೀರನ್ನೂ ಉಪ್ಪನ್ನೂ ಕಳೆದುಕೊಳ್ಳುವುದೆಂದು 1831ರಲ್ಲಿ ತೋರಿಸಿದವನು ಓಶಾನೆಸಿ ಎಂಬ ಐರಿಷ್ ತರುಣ. ಮುಂದೆ ಹಿಂದುಸ್ಥಾನದಲ್ಲಿ ತಂತಿಯ ಏರ್ಪಾಡನ್ನು ಕಟ್ಟಿದವನೂ ಇವನೇ. ಅವನ ಮಾತನ್ನು ನೆಚ್ಚಿ, 1832ರಲ್ಲಿ ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಥಾಮಸ್ ಲಟ್ಟಾ ಸಾಯುತ್ತಿದ್ದ ಮುದುಕಿಯೊಬ್ಬಳ ಸಿರೆಗೆ ಉಪ್ಪುನೀರನ್ನು ಹರಿಸಿದನು. ಅರ್ಧ ಗಂಟೆಯಲ್ಲಿ ಆರು ಪೈಂಟು! ನಾಡಿ ಮರಳಿತು, ಮೋರೆಗೆ ಕಳೆ ಬಂದಿತು, ಆಕೆ ಮಾತನಾಡಿದಳು. ಇನ್ನು ಭಯವಿಲ್ಲವೆಂದು ಲಟ್ಟಾ ಆಕೆಯನ್ನು ಬೇರೊಬ್ಬ ವೈದ್ಯನ ವಶಕ್ಕೆ ಬಿಟ್ಟು ಹೋದನು. ಭೇದಿಯು ಮರುಕಳಿಸಿತು, ನೀರನ್ನು ಮತ್ತೆ ಯಾರೂ ಹರಿಸಲಿಲ್ಲ. ಐದೂವರೆ ಗಂಟೆಗೆ ಆಕೆ ತೀರಿಕೊಂಡಳು. ಎಷ್ಟು ಕೊಡಬೇಕು, ಯಾವಾಗ ಮರಳಿ ಕೊಡಬೇಕು ಎಂಬುದಕ್ಕೆ ಅಳತೆಗೋಲು ಇರಲಿಲ್ಲ.

ಒತ್ತಡವನ್ನು ಅಳೆಯುವ ವಿದ್ಯೆ ಬೇರೆ ದಾರಿಯಿಂದ ಬೆಳೆಯುತ್ತಿದ್ದಿತು. ಕಲಬುರ್ಗಿಯೂ ಸೇರಿದ್ದ ಹೈದರಾಬಾದು ಸಂಸ್ಥಾನದ ರಾಜಧಾನಿಯಲ್ಲಿ, 1889ರಲ್ಲಿ, ನಿಜಾಮರ ಹಣದಿಂದ ಕ್ಲೋರೋಫಾರ್ಮ್ ಆಯೋಗವು ಕೂಡಿ, ಪ್ರಾಣಿಗಳ ರಕ್ತದ ಒತ್ತಡವನ್ನು ಯಂತ್ರದಿಂದ ಗೆರೆಯಾಗಿ ಬರೆಯಿಸಿತು. ಗೆರೆಯನ್ನು ಓದುವುದರಲ್ಲಿಯೇ ತೊಡಕು. ಕ್ಲೋರೋಫಾರ್ಮ್ ಗುಂಡಿಗೆಯನ್ನು ನೇರವಾಗಿ ನಿಲ್ಲಿಸದೆಂಬ ಅದರ ತೀರ್ಮಾನವನ್ನು 1911ರಲ್ಲಿ ಲೆವಿ ಅಲ್ಲಗಳೆದನು. ಇತ್ತ 1896ರಲ್ಲಿ ಇಟಲಿಯ ರೀವಾ-ರೊಚ್ಚಿಯು ತೋಳಿಗೆ ಪಟ್ಟಿ ಕಟ್ಟಿ ಒತ್ತಡವನ್ನು ನೋಡುವ ಉಪಾಯವನ್ನು ಕೊಟ್ಟಿದ್ದನು.

ಈ ಪಟ್ಟಿಯನ್ನು ವಾಂತಿಭೇದಿಯ ರೋಗಿಯ ಮಂಚಕ್ಕೆ ತಂದವನು ಕಲಕತ್ತೆಯ ಲಿಯೊನಾರ್ಡ್ ರಾಜರ್ಸ್. ಅವನು ಗ್ಲಿಸರಿನ್ ಬೆರೆಸಿದ ನೀರಿನ ಸೀಸೆಗಳಲ್ಲಿ ರೋಗಿಯ ರಕ್ತದ ಹನಿಯನ್ನು ಬಿಟ್ಟು, ತೇಲುವುದೋ ಮುಳುಗುವುದೋ ನೋಡಿ, ರಕ್ತವೆಷ್ಟು ಗಟ್ಟಿಯಾಗಿದೆ ಎಂದು ತಿಳಿಯುತ್ತಿದ್ದನು. ನೀರಿನ ಸಾಂದ್ರತೆ 1000 ಆದರೆ ರಕ್ತದ್ದು 1063 ಮುಟ್ಟಿದಾಗ, ಇಲ್ಲವೆ ಒತ್ತಡವು 70 ಮಿಲಿಮೀಟರಿಗಿಂತ ಇಳಿದಾಗ, ಪೈಂಟಿಗೆ 120 ಗ್ರೇನು ಉಪ್ಪು ಬೆರೆಸಿದ ನೀರನ್ನು ಹರಿಸುವನು. ಕುಸಿದರೆ ಮತ್ತೆ ಹರಿಸುವನು. ಅರ್ಧಕ್ಕೂ ಮಿಕ್ಕಿ ಸಾಯುತ್ತಿದ್ದಲ್ಲಿ ಮೂವರಲ್ಲಿ ಒಬ್ಬನಷ್ಟೇ ಸಾಯುವಂತಾಯಿತು.

ಈಗಿನ ವೈದ್ಯರಿಗೆ ಒತ್ತಡವೊಂದೇ ಸಾಲದು. ನೀರು ಕೊಟ್ಟರೆ ಗುಂಡಿಗೆಯು ಹೆಚ್ಚು ರಕ್ತವನ್ನು ನೂಕುವುದೋ ಎಂದು ಮುಂದಾಗಿ ತಿಳಿಯಬೇಕು. ಅದಕ್ಕೊಂದು ಸರಳ ಯುಕ್ತಿಯುಂಟು. ರೋಗಿಯ ಕಾಲುಗಳನ್ನು 45 ಅಂಶ ಎತ್ತಿದರೆ ಕಾಲಿನ ರಕ್ತವು ಗುಂಡಿಗೆಯ ಕಡೆಗೆ ಇಳಿಯುವುದು. ಒಂದು ನಿಮಿಷದೊಳಗೆ ಗುಂಡಿಗೆಯ ನೂಕು ನೂರಕ್ಕೆ ಹತ್ತರಷ್ಟು ಏರಿದರೆ ನೀರು ಫಲಿಸುವ ಸಂಭವ ಹೆಚ್ಚು. ಏರದಿದ್ದರೆ ಕಾಲನ್ನು ಕೆಳಗಿಳಿಸಿದರಾಯಿತು, ರಕ್ತವು ಹಿಂದಿರುಗುವುದು. ಅನಾವಶ್ಯಕವಾಗಿ ಹರಿಸಿದ ನೀರಾದರೋ ಶ್ವಾಸಕೋಶದಲ್ಲಿ ನಿಂತು ಉಸಿರನ್ನು ಕಟ್ಟುವುದು.