ಕೊಳಗ, ತಕ್ಕಡಿ, ಕಾಫಿ

ಭತ್ತದ ಕೊಯ್ಲು ಮುಗಿಯುತ್ತಿದ್ದಂತೆ ನಮ್ಮ ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಗಂಟುಮೂಟೆಗಳು ಕಾಣಿಸಿಕೊಳ್ಳುತ್ತಿದ್ದವು. ಪಾತ್ರೆ, ಕಂಬಳಿ, ಚೀಲದಲ್ಲಿ ಜೋಳದ ಹಿಟ್ಟು, ಸೊಂಟದ ಮೇಲೊಂದು ಕೂಸು. ಸುತ್ತಲಿನ ತಾಂಡಾಗಳಿಂದ ಬಂದವರು. ಎಲ್ಲಿಗೆ ಅಂತ ಕೇಳಿದರೆ ಒಂದೇ ಉತ್ತರ: "ಕಾಫಿಗೆ ಹೊಂಟೀವಿ." ಹುಡುಗನಾಗಿದ್ದ ನನಗೆ ಅದು ಕಾಫಿ ಕುಡಿಯಲು ಹೋಗುವ ಮಾತಿನಂತೆ ಕೇಳಿ ನಗು ಬರುತ್ತಿತ್ತು. ಅವರು ಹೊರಟಿದ್ದು ಚಿಕ್ಕಮಗಳೂರು, ಕೊಡಗಿನ ತೋಟಗಳಿಗೆ, ಹಣ್ಣು ಕೊಯ್ಯಲು. ಮರಳುತ್ತಿದ್ದುದು ಶಿವರಾತ್ರಿ, ಹೋಳಿಯ ಹೊತ್ತಿಗೆ.

ಎಷ್ಟೋ ವರ್ಷಗಳ ನಂತರ ಅಮೆರಿಕದಿಂದ ಬಂದ ಗೆಳೆಯನೊಬ್ಬ ಸ್ಟಾರ್‌ಬಕ್ಸ್ ಕಾಫಿಯ ಪೊಟ್ಟಣ ಕೊಟ್ಟ. ಅದರ ಮೇಲೆ 'ಫೇರ್ ಟ್ರೇಡ್' ಎಂಬ ಪುಟ್ಟ ಮುದ್ರೆಯಿತ್ತು. ನ್ಯಾಯದ ವ್ಯಾಪಾರ. ಯಾರಿಗೆ ಯಾರು ಮಾಡಿದ ನ್ಯಾಯ ಎಂದು ಹುಡುಕಲು ಹೊರಟವನಿಗೆ ಆ ಬಸ್ ನಿಲ್ದಾಣ ಮತ್ತೆ ಮತ್ತೆ ನೆನಪಾಯಿತು.

ಈ ಮುದ್ರೆಯ ಹಿಂದೆ ಒಂದು ಕಾದಂಬರಿಯಿದೆ. ಜಾವಾದಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಎಡ್ವರ್ಡ್ ಡೌವೆಸ್ ಡೆಕ್ಕರ್, ಅಲ್ಲಿನ ರೈತರ ಸುಲಿಗೆಯನ್ನು ಕಂಡು 'ಮುಲ್ತಾತುಲಿ' ಎಂಬ ಹೆಸರಿನಲ್ಲಿ 1860ರಲ್ಲಿ 'ಮ್ಯಾಕ್ಸ್ ಹಾವೆಲಾರ್' ಪ್ರಕಟಿಸಿದ. 1988ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಮೊದಲ ನ್ಯಾಯವ್ಯಾಪಾರದ ಮುದ್ರೆ ಹುಟ್ಟಿದಾಗ ಅದಕ್ಕೆ ಇಟ್ಟದ್ದು ಆ ಕಥಾನಾಯಕನ ಹೆಸರನ್ನೇ. ಮೊದಲ ಕಾಫಿ ಬಂದದ್ದು ಮೆಕ್ಸಿಕೋದ ಒಹಾಕಾ ಪ್ರಾಂತ್ಯದ ಸಣ್ಣ ಬೆಳೆಗಾರರ ಸಹಕಾರ ಸಂಘದಿಂದ.

ಮರುವರ್ಷವೇ ಕಾಫಿ ಲೋಕ ತಲೆಕೆಳಗಾಯಿತು. ಯಾವ ದೇಶ ಎಷ್ಟು ರಫ್ತು ಮಾಡಬೇಕೆಂದು 1962ರಿಂದ ಅಂತಾರಾಷ್ಟ್ರೀಯ ಕಾಫಿ ಒಪ್ಪಂದ ನಿಗದಿ ಮಾಡುತ್ತಿತ್ತು. 1989ರ ಜುಲೈನಲ್ಲಿ ಆ ವ್ಯವಸ್ಥೆ ಮುರಿದುಬಿತ್ತು, ಬೆಲೆ ಕುಸಿಯಿತು. 2001ರಲ್ಲಂತೂ ಅರೇಬಿಕಾದ ಬೆಲೆ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿಯಿತು. ಆಗ ನ್ಯಾಯವ್ಯಾಪಾರದ ಕನಿಷ್ಠ ಬೆಲೆ, ಸಂಘಕ್ಕೆ ಸೇರುವ 5 ಸೆಂಟ್ ಹೆಚ್ಚುವರಿಯೂ ಸೇರಿ, 1 ಡಾಲರ್ 26 ಸೆಂಟ್. ಬಿದ್ದ ಮಾರುಕಟ್ಟೆಯಲ್ಲಿ ಸಣ್ಣ ಬೆಳೆಗಾರನಿಗೆ ಇದು ದೊಡ್ಡ ಆಸರೆ. ಮಾಮ್ಕೋಸ್‌ಗೆ ಅಡಿಕೆ ಹಾಕಿ ಬಲ್ಲ ನಮ್ಮ ಸೊರಬ, ಶಿಕಾರಿಪುರದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬಂಟಿಯಾಗಿ ವ್ಯಾಪಾರಿಯ ಮುಂದೆ ನಿಲ್ಲುವುದಕ್ಕೂ ಸಂಘದ ಸದಸ್ಯನಾಗಿ ನಿಲ್ಲುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಗೊತ್ತು.

ಸ್ಟಾರ್‌ಬಕ್ಸ್ ಈ ಕಾಫಿ ಕೊಳ್ಳಲು ಮುಂದಾದದ್ದು ತಾನಾಗಿಯೇ ಅಲ್ಲ. 'ಗ್ಲೋಬಲ್ ಎಕ್ಸ್‌ಚೇಂಜ್' ಎಂಬ ಸಂಘಟನೆ ಅದರ ಮಳಿಗೆಗಳ ಮುಂದೆ ಪ್ರತಿಭಟನೆಗೆ ಸಜ್ಜಾಗಿತ್ತು. 2000ದಲ್ಲಿ ಕಂಪನಿ ಒಪ್ಪಿಕೊಂಡು, ಅಮೆರಿಕದ ಮಳಿಗೆಗಳಲ್ಲಿ ಮುದ್ರೆಯಿದ್ದ ಕಾಫಿಯನ್ನು ಮಾರಾಟಕ್ಕಿಟ್ಟಿತು. 2004ರಲ್ಲಿ ತನ್ನದೇ ಇನ್ನೊಂದು ನಿಯಮಾವಳಿ ಜಾರಿಗೆ ತಂದಿತು; ಅದರಲ್ಲಿ ಕೂಲಿಕಾರರ ವೇತನದ ಮಾತೂ ಇದೆ. 2008ರಲ್ಲಿ ನ್ಯಾಯವ್ಯಾಪಾರದ ಖರೀದಿಯನ್ನು ದುಪ್ಪಟ್ಟು ಮಾಡಿ, ಮರುವರ್ಷ 4 ಕೋಟಿ ಪೌಂಡ್ ಕೊಳ್ಳುವುದಾಗಿ ಘೋಷಿಸಿತು. ಅಂದರೆ ಸುಮಾರು 18 ಸಾವಿರ ಟನ್. ಅದರೊಂದಿಗೆ ಜಗತ್ತಿನಲ್ಲೇ ಈ ಕಾಫಿಯ ಅತಿದೊಡ್ಡ ಖರೀದಿದಾರ ಎಂಬ ಹೆಸರು ಬಂತು.

ಇಷ್ಟು ಓದಿ ಖುಷಿಪಟ್ಟವನು ನಿಯಮದ ಒಂದು ಸಾಲಿನ ಮುಂದೆ ನಿಂತುಬಿಟ್ಟೆ. ಕಾಫಿಯ ಮಟ್ಟಿಗೆ ಈ ಮುದ್ರೆ ಸಿಗುವುದು ಸಣ್ಣ ಬೆಳೆಗಾರರ ಸಂಘಗಳಿಗೆ. ಚಹಾ, ಬಾಳೆ, ಹೂವಿನಲ್ಲಿ ಕೂಲಿ ಆಳುಗಳಿರುವ ದೊಡ್ಡ ತೋಟಗಳಿಗೂ ಅವಕಾಶವಿದೆ, ಕಾಫಿಯಲ್ಲಿ ಇರಲಿಲ್ಲ. ಇದೇ ಜಗಳದ ಮೇಲೆ 2011ರಲ್ಲಿ ಅಮೆರಿಕದ ಸಂಸ್ಥೆ ಮೂಲ ಒಕ್ಕೂಟದಿಂದ ಹೊರಬಂದು, ದೊಡ್ಡ ತೋಟಗಳಿಗೂ ಮುದ್ರೆ ಕೊಡಲು ನಿರ್ಧರಿಸಿತು. ಸಣ್ಣ ಬೆಳೆಗಾರರ ಸಂಘಗಳು ಇದನ್ನು ವಿರೋಧಿಸಿದವು. ಅವರ ಭಯ ನ್ಯಾಯವಾದದ್ದೇ: ದೊಡ್ಡವರು ಒಳಗೆ ಬಂದರೆ ಚಿಕ್ಕವರಿಗೆ ಜಾಗವೆಲ್ಲಿ?

ಆದರೆ ಸಣ್ಣ ತೋಟದಲ್ಲೂ ಹಣ್ಣು ಕೊಯ್ಯುವ ಕೈ ಬಹಳ ಸಲ ಬೇರೆಯವರದು. ಲಂಡನ್ನಿನ ಸೋವಾಸ್ ವಿಶ್ವವಿದ್ಯಾಲಯದ ಸಂಶೋಧಕರು ಇಥಿಯೋಪಿಯಾ ಮತ್ತು ಉಗಾಂಡಾದಲ್ಲಿ ಅಧ್ಯಯನ ನಡೆಸಿ 2014ರಲ್ಲಿ ವರದಿ ಕೊಟ್ಟರು. ನ್ಯಾಯವ್ಯಾಪಾರದ ಸಂಘಗಳಿರುವ ಕಡೆ ಕೂಲಿಕಾರರ ಸ್ಥಿತಿ ಉತ್ತಮವಾಗಿರಲಿಲ್ಲ. ಬೇರೆ ಕಡೆಗಿಂತ ಕೂಲಿ ಕಡಿಮೆಯೇ ಇತ್ತು ಎಂಬುದು ಅದರ ಸಾರ. ವರದಿಯ ಮೇಲೆ ವಾದ ನಡೆಯಿತು. ಆದರೂ ಮುದ್ರೆಯ ಲೆಕ್ಕದಲ್ಲಿ ಕೂಲಿಯವಳು ಎಲ್ಲಿದ್ದಾಳೆ ಎಂಬ ಪ್ರಶ್ನೆ ಅಲ್ಲಿಂದಾಚೆಗೆ ಅಡಗಲಿಲ್ಲ.

ನಮ್ಮಲ್ಲಿಯೂ ಕಥೆ ಬೇರೆಯಲ್ಲ. 1942ರ ಕಾಯ್ದೆಯ ನಂತರ ಅರ್ಧ ಶತಮಾನ ಕಾಫಿ ಮಂಡಳಿಯೇ ಬೆಳೆಯನ್ನೆಲ್ಲ ಒಟ್ಟುಗೂಡಿಸಿ ಮಾರುತ್ತಿತ್ತು. 1996ರ ಹೊತ್ತಿಗೆ ಬೆಳೆಗಾರ ಪೂರ್ತಿ ಮುಕ್ತ ಮಾರುಕಟ್ಟೆಗೆ ಬಂದ. ದೇಶದ ಕಾಫಿಯಲ್ಲಿ ಸುಮಾರು ನೂರಕ್ಕೆ 70 ಪಾಲು ಕರ್ನಾಟಕದ್ದು; ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿಗಿಂತ ಚಿಕ್ಕವು. ತೋಟದ ಕಾರ್ಮಿಕರಿಗೆ ಮನೆ, ಆಸ್ಪತ್ರೆ, ಮಕ್ಕಳ ಆರೈಕೆಯ ಭರವಸೆ ಕೊಟ್ಟ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯ್ದೆ, ಮುಂದೆ ತಿದ್ದುಪಡಿಯಾಗಿ 5 ಹೆಕ್ಟೇರ್ ಮತ್ತು 15 ಆಳು ಎಂಬ ಗೆರೆ ಎಳೆಯಿತು. ಅದಕ್ಕಿಂತ ಚಿಕ್ಕ ತೋಟ ಕಾಯ್ದೆಯ ಹೊರಗಿತ್ತು. ದೊಡ್ಡ ತೋಟಕ್ಕೆ ಕಾಯ್ದೆಯಿತ್ತು, ಮುದ್ರೆಯಿರಲಿಲ್ಲ. ಸಣ್ಣ ತೋಟಕ್ಕೆ ಮುದ್ರೆ ಸಿಗಬಹುದಿತ್ತು, ಕಾಯ್ದೆಯಿರಲಿಲ್ಲ. 2012ರಲ್ಲಿ ಸ್ಟಾರ್‌ಬಕ್ಸ್ ಟಾಟಾ ಸಂಸ್ಥೆಯ ಜೊತೆ ಸೇರಿ ಭಾರತಕ್ಕೆ ಬಂದಾಗ ಇಲ್ಲಿನ ತೋಟಗಳ ಕಾಫಿಯನ್ನೇ ಇಲ್ಲಿನ ಲೋಟಕ್ಕೆ ತಂದಿತು. ಬಸ್ ನಿಲ್ದಾಣದ ನಮ್ಮವರು ಮಾತ್ರ ಯಾವ ಗೆರೆಯ ಯಾವ ಬದಿಗೆ ಹೋಗುತ್ತಿದ್ದೇವೆಂದು ತಿಳಿಯದೆಯೇ ಬಸ್ಸು ಹತ್ತುತ್ತಿದ್ದರು.

ಇದನ್ನೆಲ್ಲ ಕಂಪನಿಯ ಮೇಲೆ ಹಾಕಿ ಕೈತೊಳೆದುಕೊಳ್ಳಲು ನನಗೆ ಆಗುವುದಿಲ್ಲ. ಸೊರಬದ ಕಡೆಯ ನನ್ನ ಅಜ್ಜ ಗೇಣಿ ಒಕ್ಕಲಾಗಿದ್ದವನು. 1951ರಲ್ಲಿ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದದ್ದು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದದ್ದು ಚರಿತ್ರೆಯಲ್ಲಿದೆ. ಆ ಜಗಳದ ಮೂಲದಲ್ಲಿದ್ದ ಒಂದು ವಸ್ತು ಕೊಳಗ. ಗೇಣಿ ಭತ್ತ ಅಳೆಯಲು ಒಡೆಯರು ತರುತ್ತಿದ್ದ ಕೊಳಗ ಸರಿ ಅಳತೆಗಿಂತ ದೊಡ್ಡದು ಎಂಬುದೇ ರೈತರ ಸಂಕಟ. ಅಜ್ಜ ಅದನ್ನು ಕೈಯಗಲಿಸಿ ತೋರಿಸಿ ಹೇಳುತ್ತಿದ್ದ. 1974ರ ಭೂಸುಧಾರಣೆಯಲ್ಲಿ ಉಳುತ್ತಿದ್ದ ಜಮೀನು ಅವನದಾಯಿತು. ಭತ್ತದ ಗದ್ದೆ ನಿಧಾನಕ್ಕೆ ಅಡಿಕೆ ತೋಟವಾಯಿತು.

ಆಮೇಲೆ ನಮ್ಮ ಅಂಗಳಕ್ಕೂ ಅಡಿಕೆ ಸುಲಿಯುವವರು ಬಂದರು. ಕೂಲಿ ಡಬ್ಬದ ಲೆಕ್ಕ. ಡಬ್ಬದ ಬಾಯಿಮಟ್ಟ ತುಂಬಿದರೆ ಅಜ್ಜ ಒಪ್ಪುತ್ತಿರಲಿಲ್ಲ. ಮೇಲೆ ಗೋಪುರ ಕಟ್ಟಿದರಷ್ಟೇ ಒಂದು ಡಬ್ಬ. ಕೊಳಗದ ಕಥೆ ಹೇಳಿದ ಬಾಯಿಯೇ "ಇನ್ನೊಂದು ಹಿಡಿ ಹಾಕೇ" ಅನ್ನುತ್ತಿತ್ತು. ಸುಲಿಯುವ ಹೆಂಗಸರು ಮಾತಿಲ್ಲದೆ ಹಾಕುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಎಣಿಕೆ ಬರೆಯುತ್ತಿದ್ದೆ.

ಹೋದ ವರ್ಷ ಊರಿಗೆ ಹೋದಾಗ ತಾಂಡಾದ ಒಬ್ಬ ಮುದುಕಿಯ ಜೊತೆ ಮಾತಿಗೆ ಕೂತೆ. ಮೂವತ್ತು ವರ್ಷ ಕಾಫಿಗೆ ಹೋಗಿ ಬಂದವಳು. ಪೊಟ್ಟಣದ ಮುದ್ರೆಯ ವಿಷಯ ಹೇಳಿ, "ಅವ್ವಾ, ನಿಮಗೂ ಇಂಥದ್ದೊಂದು ಮಾಡಿದರೆ ಅದರಲ್ಲಿ ಏನಿರಬೇಕು?" ಅಂತ ಕೇಳಿದೆ. ಕೂಲಿ ಹೆಚ್ಚಿಸಬೇಕು, ಮನೆ ಕಟ್ಟಿಸಬೇಕು ಎನ್ನುತ್ತಾಳೆಂದುಕೊಂಡಿದ್ದೆ.

"ಹಣ್ಣು ತೂಗೋ ಹೊತ್ತಿಗೆ ಕತ್ತಲಾಗಿರ್ತೈತಿ ತಮ್ಮಾ. ರೈಟ್ರು ಬರಕೊಂಡಿದ್ದೇ ಲೆಕ್ಕ. ಬೆಳಕಿರೋವಾಗ ತೂಗಲಿ. ಮುಳ್ಳು ನಮಗೂ ಕಾಣೋ ಹಂಗೆ ಇಡಲಿ, ಅಷ್ಟು ಸಾಕು."

ಮ್ಯಾಕ್ಸ್ ಹಾವೆಲಾರ್‌ನಿಂದ ಸ್ಟಾರ್‌ಬಕ್ಸ್‌ವರೆಗೆ, ಕೊಳ್ಳುವವನ ಮತ್ತು ಬೆಳೆಯುವವನ ನಡುವಿನ ತಕ್ಕಡಿಯನ್ನು ನೇರ ಮಾಡಲು ಜನ ಹೋರಾಡಿದ್ದಾರೆ. ಅದು ಸಣ್ಣ ಕೆಲಸವಲ್ಲ. ಕಾಗೋಡಿನವರು ಕೊಳಗವನ್ನು ಸರಿಮಾಡಿದ್ದೂ ಸಣ್ಣ ಕೆಲಸವಲ್ಲ. ಆದರೆ ಒಂದು ಅಳತೆ ಸರಿಯಾದ ಕೂಡಲೇ ಅದರ ಕೆಳಗಿನ ಅಳತೆಯ ಮೇಲೆ ನಾವು ಕತ್ತಲು ಬಿಡುತ್ತೇವೆ. ಅಜ್ಜನ ಡಬ್ಬ ಈಗಲೂ ಸೊರಬದ ಮನೆಯ ಅಟ್ಟದಲ್ಲಿದೆ. ಮುಂದಿನ ಸಲ ಹೋದಾಗ ಅದನ್ನು ಕೆಳಗಿಳಿಸಿ, ಬಾಯಿಮಟ್ಟ ಎಷ್ಟು ಹಿಡಿಯುತ್ತದೆ, ಗೋಪುರ ಕಟ್ಟಿದರೆ ಎಷ್ಟು ಎಂದು ಒಮ್ಮೆ ತೂಗಿ ನೋಡಬೇಕೆಂದಿದ್ದೇನೆ.