ಕ್ಲೋರೋಫಾರ್ಮಿಗಾಗಿ ಒಂದು ಕೋರಿಕೆ

ವೈದ್ಯ ಸಂಶೋಧನೆಗೆ ಹಣ ಕೊಡಿರೆಂದು ಸರ್ಕಾರವನ್ನು ಕೇಳುವುದು ಹೊಸ ಸಂಗತಿಯಲ್ಲ. ನಾವು ನೆಲೆಸಿರುವ ಈ ಹೈದರಾಬಾದಿನಲ್ಲಿಯೇ ಅದಕ್ಕೊಂದು ಹಳೆಯ ನಿದರ್ಶನವಿದೆ.

ಶಸ್ತ್ರಚಿಕಿತ್ಸೆಗೆ ಮುನ್ನ ಕ್ಲೋರೋಫಾರ್ಮ್ ಕೊಟ್ಟಾಗ ಕೆಲವು ರೋಗಿಗಳು ಮತ್ತೆ ಏಳುತ್ತಲೇ ಇರಲಿಲ್ಲ. ಮೊದಲು ನಿಲ್ಲುವುದು ಉಸಿರೋ, ಹೃದಯವೋ? ಇಲ್ಲಿನ ವೈದ್ಯಕೀಯ ಶಾಲೆಯ ಮುಖ್ಯಸ್ಥರಾಗಿದ್ದ ಡಾ. ಎಡ್ವರ್ಡ್ ಲಾರಿಯವರು ಉಸಿರೆಂದೇ ನಂಬಿದ್ದರು. ಅವರ ಒತ್ತಾಸೆಯಿಂದ ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಕಾಲದಲ್ಲಿ, 1888ರಲ್ಲಿ, ಆಯೋಗವೊಂದು ಕೂಡಿತು. ಅದರ ತೀರ್ಮಾನವನ್ನು ಲಂಡನ್ನಿನ 'ಲ್ಯಾನ್ಸೆಟ್' ಪತ್ರಿಕೆ ಒಪ್ಪಲಿಲ್ಲ. ಆಗ ನಿಜಾಮ ಸರ್ಕಾರವು 1,000 ಪೌಂಡು ಕೊಟ್ಟು, ಆ ಪತ್ರಿಕೆಯೇ ಆರಿಸಿದ ಡಾ. ಲಾಡರ್ ಬ್ರಂಟನ್ನರನ್ನು 1889ರಲ್ಲಿ ಇಲ್ಲಿಗೆ ಕರೆಸಿತು. ಪ್ರಾಣಿಗಳ ಮೇಲೆ ನೂರಾರು ಪ್ರಯೋಗಗಳು ನಡೆದವು. ಡಾ. ರೂಪಾಬಾಯಿ ಫರ್ದೂನ್‌ಜಿಯವರೂ ಅವುಗಳಲ್ಲಿ ಪಾಲ್ಗೊಂಡರು. ಎರಡನೆಯ ಆಯೋಗವೂ ಲಾರಿಯವರ ಮಾತನ್ನೇ ಎತ್ತಿಹಿಡಿಯಿತು.

ಆದರೆ ಹೃದಯವೂ ಹಠಾತ್ತನೆ ನಿಲ್ಲಬಲ್ಲುದೆಂದು 1911ರಲ್ಲಿ ಗುಡ್‌ಮನ್ ಲೆವಿ ತೋರಿಸಿದರು. ಹಾಗಾದರೆ ಹಣ ವ್ಯರ್ಥವಾಯಿತೆ? ಹಾಗೆನ್ನಲಾಗದು. ರೋಗಿಯ ಉಸಿರಿನ ಮೇಲೆ ಸದಾ ಕಣ್ಣಿಡಬೇಕೆಂಬ ಆಯೋಗದ ಎಚ್ಚರಿಕೆ ಇಂದಿಗೂ ಸರಿಯೇ. ಕೇಳಿದವರಿಗೆ ಉತ್ತರ ಮೊದಲೇ ಗೊತ್ತಿದ್ದುದೇ ದೋಷ.

ಆ ಬೊಕ್ಕಸಕ್ಕೆ ಬೀದರ, ಕಲಬುರಗಿ, ರಾಯಚೂರುಗಳ ಕನ್ನಡ ರೈತರ ಕಂದಾಯವೂ ಸೇರುತ್ತಿತ್ತು. ಈ ಕಥೆಯಲ್ಲಿ ನಮಗೂ ಪಾಲುಂಟು.