ಮಾಡಿ ಕಲಿಯುವ ಶಾಲೆ: ತಕಲಿಯಿಂದ ಕಲಿಕಾ ಹಬ್ಬದವರೆಗೆ

‘ಪ್ರಾಜೆಕ್ಟ್’ ಎಂದರೆ ಈಗ ಪೇಟೆಯ ಬಹುಪಾಲು ಮನೆಗಳಲ್ಲಿ ಅಪ್ಪ-ಅಮ್ಮಂದಿರ ರಾತ್ರಿ ಪಾಳಿ. ಅಂಗಡಿಯಿಂದ ಚಾರ್ಟು, ಥರ್ಮಾಕೋಲು, ಚಿತ್ರದ ಹಾಳೆ ತಂದರೆ ಅರ್ಧ ಕೆಲಸ ಮುಗಿಯಿತು. ಉಳಿದರ್ಧ ಮಗು ಮಲಗಿದ ಮೇಲೆ. ಮಗುವಿನ ಕೈಗೆ ಕೆಲಸ ಕೊಡಲೆಂದೇ ಹುಟ್ಟಿದ ಪದ್ಧತಿ ಮಗುವನ್ನೇ ಬಿಟ್ಟು ನಡೆಯುವ ಮಟ್ಟಕ್ಕೆ ಬಂದದ್ದು ಹೇಗೆಂದು ನೋಡಲು ಸಕಲೇಶಪುರ-ಆಲೂರು ಸೀಮೆಯ ಸರ್ಕಾರಿ ಶಾಲೆಗಳು ಒಳ್ಳೆಯ ಜಾಗ. ಬೆಂಗಳೂರಿನಿಂದಲೋ ದಿಲ್ಲಿಯಿಂದಲೋ ಹೊರಟ ಹೊಸ ಕ್ರಮಗಳೆಲ್ಲ ಘಟ್ಟದ ಈ ಅಂಚಿಗೂ ಬಂದು ಮುಟ್ಟಿವೆ.

ಆ ಪದ್ಧತಿಯ ಕಥೆ ಶುರುವಾಗುವುದು ದೂರದಲ್ಲಿ. ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಷಿಕಾಗೋದಲ್ಲಿ ತಮ್ಮ ಪ್ರಯೋಗದ ಶಾಲೆ ತೆರೆದರು. ಕಿಲ್‌ಪ್ಯಾಟ್ರಿಕ್ 1918ರಲ್ಲಿ ಯೋಜನಾ ಪದ್ಧತಿಯ, ಅಂದರೆ ಪ್ರಾಜೆಕ್ಟ್ ಪದ್ಧತಿಯ, ಬಗ್ಗೆ ಹೆಸರಾದ ಪ್ರಬಂಧ ಬರೆದರು. ನಮ್ಮ ಟಿ.ಸಿ.ಎಚ್. ಓದಿದ ಮೇಷ್ಟ್ರುಗಳಿಗೆ ಈ ಎರಡು ಹೆಸರು ಬಾಯಿಪಾಠ. ಮಾಡಿ ಕಲಿಯುವುದರ ಮಹಿಮೆಯನ್ನು ಅವರು ಕಲಿತದ್ದು ಬೆಂಚಿನ ಮೇಲೆ ಕೂತು, ನೋಟ್ಸ್ ಬರೆದುಕೊಂಡು! ನಮ್ಮದೇ ನೆಲದ ಯತ್ನ 1937ರ ಅಕ್ಟೋಬರ್‌ನ ವಾರ್ಧಾ ಸಮ್ಮೇಳನದ್ದು. ಗಾಂಧೀಜಿಯ ಮೂಲ ಶಿಕ್ಷಣದ ಕಲ್ಪನೆಗೆ ಜಾಕಿರ್ ಹುಸೇನ್ ಸಮಿತಿ ಪಠ್ಯಕ್ರಮದ ರೂಪ ಕೊಟ್ಟಿತು. ಗಣಿತ, ಭೂಗೋಳ, ಭಾಷೆ ಎಲ್ಲವೂ ಕಸುಬಿನೊಳಗಿಂದಲೇ ಹೊರಡಬೇಕು ಎಂಬುದು ಅದರ ತಿರುಳು. ಹಳೇ ಮೈಸೂರಿನ ಶಾಲೆಗಳಿಗೆ ಅದು ಬಂದಿಳಿದದ್ದು ತಕಲಿಯಾಗಿ, ನೂಲಿನ ಪೀರಿಯಡ್ಡಾಗಿ. ನೂಲು ನೂಲಿನ ಪಾಡಿಗೆ ಉಳಿಯಿತು, ಲೆಕ್ಕ ಕರಿಹಲಗೆಯ ಮೇಲೆ ಉಳಿಯಿತು.

ಸುಮಾರು ಅದೇ ಕಾಲಕ್ಕೆ ಶಿರಾಡಿ ಘಾಟಿ ಇಳಿದರೆ ಸಿಗುವ ಪುತ್ತೂರಿನಲ್ಲಿ ಶಿವರಾಮ ಕಾರಂತರು ಆಟ, ನಾಟಕ, ಕುಣಿತಗಳಿಂದ ಮಕ್ಕಳಿಗೆ ಕಲಿಸುವ ಪ್ರಯೋಗದಲ್ಲಿದ್ದರು. ಅವರ ಮಕ್ಕಳ ವಿಶ್ವಕೋಶ, 1936ರ ‘ಬಾಲಪ್ರಪಂಚ’, ಆ ಹುರುಪಿನ ದಿನಗಳದ್ದೇ. ಅವರು ಅಲ್ಲಿ ಕಟ್ಟಿದ ಬಾಲವನ ಹೆಸರು ಮಾಡಿತು, ಇಲಾಖೆಯ ಶಾಲೆ ಮಾತ್ರ ಇದ್ದ ಹಾಗೇ ಇತ್ತು. ಮುಂದೆ ಕೊಠಾರಿ ಆಯೋಗ (1964–66) ‘ಕಾರ್ಯಾನುಭವ’ ಎಂದಿತು, 1977ರ ಈಶ್ವರಭಾಯಿ ಪಟೇಲ್ ಸಮಿತಿ ‘ಸಮಾಜೋಪಯೋಗಿ ಉತ್ಪಾದಕ ಕಾರ್ಯ’ ಎಂದಿತು. ಇಷ್ಟುದ್ದದ ಹೆಸರಿನ ಕೆಲಸ ಹೆಚ್ಚಿನ ಕಡೆ ಅಂಗಳ ಗುಡಿಸುವುದಕ್ಕೆ, ಗಿಡಕ್ಕೆ ನೀರು ಹೊಯ್ಯುವುದಕ್ಕೆ ನಿಂತಿತು.

ನಿಜವಾದ ತಿರುವು ನಲಿಕಲಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಿಕ್ಷಕರು ಆಂಧ್ರದ ಋಷಿ ವ್ಯಾಲಿಯ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಲ್ಲಿ ತಮ್ಮ ತಾಲ್ಲೂಕಿಗೆ ಒಗ್ಗುವಂತೆ ಕಟ್ಟಿಕೊಂಡದ್ದು ಇದು. 2009–10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗಳಿಗೆ ಬಂತು, ಆಮೇಲೆ ಮೂರಕ್ಕೂ. ಗಿರಿಸೀಮೆಯ ಶಾಲೆಗೆ ಇದು ಹೇಳಿ ಮಾಡಿಸಿದ ಹಾಗಿತ್ತು. ಮೂರು ತರಗತಿ ಸೇರಿ ಹತ್ತು ಹದಿನೈದು ಮಕ್ಕಳು, ಒಬ್ಬರೇ ಟೀಚರ್ ಇರುವ ಕಡೆ, ‘ಎಲ್ಲರೂ ಪುಟ ಹನ್ನೆರಡು ತೆಗೀರಿ’ ಎಂಬ ಪಾಠ ನಡೆಯುವುದೇ ಇಲ್ಲ. ನಲಿಕಲಿ ಕೋಣೆಯಲ್ಲಿ ಮಗು ಗೋಡೆಯ ಕಲಿಕಾ ಏಣಿಯಲ್ಲಿ ತಾನೆಲ್ಲಿದ್ದೇನೆ ಎಂದು ನೋಡಿ, ಅಲ್ಲಿರುವ ಚಿತ್ರದ ಗುರುತಿಗೆ ಸರಿಯಾದ ಕಾರ್ಡನ್ನು ತಾನೇ ತೆಗೆದುಕೊಳ್ಳುತ್ತದೆ. ಶಿಕ್ಷಕರ ನೆರವಿನ ‘ತಟ್ಟೆ’ಯಲ್ಲೋ (ಗುಂಪಿಗೆ ಇಲ್ಲಿ ಹೀಗನ್ನುತ್ತಾರೆ), ಜೊತೆಯವರ ನೆರವಿನ ತಟ್ಟೆಯಲ್ಲೋ, ಸ್ವಕಲಿಕೆಯ ತಟ್ಟೆಯಲ್ಲೋ ಹೋಗಿ ಕೂರುತ್ತದೆ. ಮೊಳಕಾಲೆತ್ತರದ ಗೋಡೆಹಲಗೆಯಲ್ಲಿ ಬರೆಯುತ್ತದೆ. ಬರೆದದ್ದು, ಬಿಡಿಸಿದ್ದು ತಲೆಯ ಮೇಲಿನ ಚಪ್ಪರದ ದಾರದಲ್ಲಿ ತೂಗುತ್ತದೆ. ಮಳೆಗೋ, ಜ್ವರಕ್ಕೋ, ತೋಟದ ಕೆಲಸಕ್ಕೆ ಹೋದ ತಾಯಿಯ ಬದಲು ತಮ್ಮನನ್ನು ನೋಡಿಕೊಳ್ಳಲೋ ವಾರಗಟ್ಟಲೆ ಶಾಲೆ ಬಿಟ್ಟ ಮಗು, ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಹತ್ತಬಹುದು. ಇದಕ್ಕಿಂತ ದೊಡ್ಡ ಉಪಕಾರವನ್ನು ಯಾವ ಸುತ್ತೋಲೆಯೂ ಮಾಡಿಲ್ಲ. ಆದರೆ ಕಾರ್ಡಿನಲ್ಲಿ ಏನಿರಬೇಕೆಂದು ಮೊದಲೇ ಗೊತ್ತು, ಉತ್ತರವೂ ಗೊತ್ತು. ನಾಲ್ಕನೇ ತರಗತಿಗೆ ಬಂದೊಡನೆ ಅದೇ ಮಗು ಪಠ್ಯಪುಸ್ತಕ ಹಿಡಿದು ಸಾಲಿನಲ್ಲಿ ಕೂರುತ್ತದೆ.

ಈ ಊರುಗಳಲ್ಲಿ ಬೇರು ಬಿಟ್ಟ ಇನ್ನೊಂದು ಕೆಲಸ ಮಕ್ಕಳ ಸಂತೆ, ಅಂದರೆ ಮೆಟ್ರಿಕ್ ಮೇಳ. ಮನೆಯ ಹಿತ್ತಲಿನ ಕೆಸುವಿನೆಲೆ, ಗಜನಿಂಬೆ, ಸೀಬೆ, ಕಿತ್ತಳೆ, ಒಂದು ಹಿಡಿ ಕಾಳುಮೆಣಸು ಗೋಣಿಯ ಮೇಲೆ ಹರಡಿ ಮಕ್ಕಳು ವ್ಯಾಪಾರಕ್ಕೆ ಕೂರುತ್ತಾರೆ. ಕಾಲು ಕೆಜಿಗೆ ಹದಿನೈದು ಎಂದ ಹುಡುಗ, ಗಿರಾಕಿ ಮುನ್ನೂರೈವತ್ತು ಗ್ರಾಂ ಕೇಳಿದಾಗ ತಡವರಿಸುತ್ತಾನೆ. ಪಕ್ಕದ ಹುಡುಗಿ ಬೆರಳೆಣಿಸಿ ‘ಇಪ್ಪತ್ತೊಂದು’ ಎನ್ನುತ್ತಾಳೆ. ಐವತ್ತು ಗ್ರಾಮಿಗೆ ಮೂರು ರೂಪಾಯಿ ಎಂದು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ. ವರ್ಷಕ್ಕೊಂದು ದಿನ, ಊರವರ ಮುಂದೆ, ಫೋಟೊ ತೆಗೆಸಿಕೊಂಡು ಮುಗಿಯುವುದೇ ಇದರ ಕೊರತೆ.

ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಮಕ್ಕಳ ಕೈಗೆ ಕೊಟ್ಟದ್ದು ವಿಜ್ಞಾನ ಚಳವಳಿ. 1978ರಿಂದ ‘ಬಾಲವಿಜ್ಞಾನ’ ಮಾಸಪತ್ರಿಕೆ ಬಂತು, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಹುಟ್ಟಿತು, 1993ರಿಂದ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶ ನಡೆಯುತ್ತಿದೆ. ಹತ್ತರಿಂದ ಹದಿನೇಳು ವರ್ಷದ ಮಕ್ಕಳು ತಮ್ಮೂರಿನ ಒಂದು ಸಮಸ್ಯೆ ಹಿಡಿದು, ದಿನಚರಿ ಪುಸ್ತಕ ಬರೆದು, ಅಳೆದು, ವಿಚಾರಿಸಿ, ವರದಿ ಮಂಡಿಸಬೇಕು. ಪ್ರಾಜೆಕ್ಟ್ ಎಂದು ಕರೆಯಲು ತಕ್ಕದ್ದು ಇದೊಂದೇ ಎಂಬುದು ನನ್ನ ಅಭಿಪ್ರಾಯ. ಆದರೆ ಹೋಗುವುದು ಶಾಲೆಗೊಂದು ತಂಡ. ಉಳಿದವರು ಚಪ್ಪಾಳೆ ತಟ್ಟುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಕಲಂ ಚಟುವಟಿಕೆ, ಅನ್ವೇಷಣೆಗಳಿಂದಲೇ ಕಲಿಕೆ ನಡೆಯಬೇಕೆಂದು ಎಲ್ಲ ಮಕ್ಕಳ ಪರವಾಗಿ ಹೇಳಿತು. ಅದರ ಬೆನ್ನಿಗೆ ಬಂದ ನಿರಂತರ ಮೌಲ್ಯಮಾಪನ ಚಟುವಟಿಕೆಗೆ ಅಂಕ ಕೊಟ್ಟಿತು. ಅಂಕ ಬಂದ ಕಡೆ ಚಾರ್ಟು ಬಂತು, ಚಾರ್ಟು ಬಂದ ಕಡೆ ರಾತ್ರಿ ಪಾಳಿ.

ಕೋವಿಡ್ ನಂತರದ ಕಲಿಕಾ ಚೇತರಿಕೆಯ ಭಾಗವಾಗಿ 2023ರ ಮೊದಲ ತಿಂಗಳುಗಳಲ್ಲಿ ನಡೆದ ಕಲಿಕಾ ಹಬ್ಬ ಸ್ವಲ್ಪ ಬೇರೆ. ಹಾಡು-ಆಡು, ಮಾಡು-ಆಡು, ಕಾಗದ-ಕತ್ತರಿಗಳ ಜೊತೆ ‘ಊರು ತಿಳಿಯೋಣ’ ಎಂಬ ಮೂಲೆಯೂ ಅಲ್ಲಿತ್ತು. ಮಕ್ಕಳು ಬೀದಿಗಿಳಿದು, ಹಿರಿಯರನ್ನು ಮಾತಾಡಿಸಿ, ಊರಿನ ನಕ್ಷೆ ಬಿಡಿಸಬೇಕು. ಎರಡು ದಿನದ ಹಬ್ಬಕ್ಕೆ ಸರಿ. ಇಂಥ ಕೆಲಸವನ್ನು ಇಡೀ ವರ್ಷ ನಡೆಸಲು ಇಲ್ಲಿ ಅಡ್ಡಿಗಳಿವೆ. ಆಲೂರು ಕಡೆ ಮಕ್ಕಳನ್ನು ತೋಟದ ದಾರಿಗೆ ಕರೆದೊಯ್ಯುವ ಮೊದಲು ಇವತ್ತು ಆನೆ ಎಲ್ಲಿದೆ ಎಂದು ವಿಚಾರಿಸಬೇಕು. ಇಲ್ಲಿನ ಆನೆಗಳನ್ನು ಹಿಡಿದು ಸಾಗಿಸಬೇಕೆಂದು ಕರ್ನಾಟಕ ಆನೆ ಕಾರ್ಯಪಡೆಯೇ 2012ರಲ್ಲಿ ವರದಿ ಕೊಟ್ಟಿತ್ತು. ಶಾಲೆಯ ಕ್ಯಾಲೆಂಡರೂ ಇಲ್ಲಿನ ಬೆಳೆಗೆ ಹೊಂದುವುದಿಲ್ಲ. ಕಾಫಿ ಅರಳುವುದು ಮಾರ್ಚ್–ಏಪ್ರಿಲ್‌ನ ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ, ಅಂದರೆ ಪರೀಕ್ಷೆಯ ಹೊತ್ತಿಗೆ. ಹಣ್ಣಾಗುವುದು ಮುಂದಿನ ತರಗತಿಯಲ್ಲಿ. ಗಿಡದ ಒಂದು ರೆಕ್ಕೆಗೆ, ಅಂದರೆ ಕೊಂಬೆಗೆ, ದಾರ ಕಟ್ಟಿ ಎಷ್ಟು ಹೂ, ಎಷ್ಟು ಕಾಯಿ, ಎಷ್ಟು ಉದುರಿತು ಎಂದು ಎಣಿಸುವ ಮಗುವಿಗೆ ಎರಡು ಶೈಕ್ಷಣಿಕ ವರ್ಷ ಬೇಕು.

ಮಳೆ ಅಳೆಯುವ ಪ್ರಾಜೆಕ್ಟಿಗೆ ಆ ತೊಡಕಿಲ್ಲ. ನೆಟ್ಟಗಿನ ಗೋಡೆಯ, ಸಮತಟ್ಟು ತಳದ ಒಂದು ಡಬ್ಬಿ, ಒಂದು ಸ್ಕೇಲು ಸಾಕು. ಹೆತ್ತೂರು, ಹಾನಬಾಳು ಕಡೆಯ ಶಾಲೆಯೂ ಆಲೂರು ಕಡೆಯ ಶಾಲೆಯೂ ಬೆಳಗ್ಗೆ ಒಂದೇ ಹೊತ್ತಿಗೆ ಅಳೆದು ಫೋನಿನಲ್ಲಿ ಹಂಚಿಕೊಂಡರೆ, ಪಶ್ಚಿಮದಿಂದ ಪೂರ್ವಕ್ಕೆ ಮಳೆ ಇಳಿಯುವ ಬಗೆ ಮಕ್ಕಳ ಕಣ್ಣೆದುರಿಗೇ ಬರುತ್ತದೆ. ತೋಟದವರು ಇಂಚು, ಸೆಂಟಿನಲ್ಲಿ (ಇಂಚಿನ ನೂರರಲ್ಲೊಂದು ಪಾಲು) ಹೇಳುತ್ತಾರೆ, ಪುಸ್ತಕ ಮಿಲಿಮೀಟರಿನಲ್ಲಿ, ಒಂದಿಂಚಿಗೆ 25.4 ಮಿ.ಮೀ. ಎಂದು ಕೂಡಿಸಿ ಗುಣಿಸುವಷ್ಟರಲ್ಲಿ ದಶಮಾಂಶದ ಪಾಠ ಮುಗಿದಿರುತ್ತದೆ. ತೋಟಗಾರರಲ್ಲಿ ಒಂದು ಕೇಳಿಕೆ: ಅಜ್ಜನ ಕಾಲದಿಂದ ಬರೆದಿಟ್ಟ ಮಳೆ ಲೆಕ್ಕದ ಪುಸ್ತಕಗಳು ನಿಮ್ಮ ಆಫೀಸಿನ ಬೀರುವಿನಲ್ಲಿದ್ದರೆ, ಅವುಗಳ ಜೆರಾಕ್ಸ್ ಪ್ರತಿಯೊಂದನ್ನು ಈ ಜೂನ್‌ನೊಳಗೆ ನಿಮ್ಮೂರಿನ ಶಾಲೆಗೆ ಕೊಡಿ.